ನೀಲಿ ವಯರು, ಕರಿ ವಯರು, ಆಚಾರ್ಯರ ಕಿವಿ

ನಿವೃತ್ತಿ ಎಂದರೆ ತಲೆ ನರೆತಿರಬೇಕು, ಶಾಲು ಹೊದಿಸಿ ಹಾರ ಹಾಕಿ ಕಳಿಸಿರಬೇಕು ಎಂದುಕೊಂಡವರು ನನ್ನನ್ನು ನೋಡಿದರೆ ನಗುತ್ತಾರೆ. ನನಗೆ ಮೂವತ್ತು ದಾಟಿ ಸ್ವಲ್ಪವೇ ಆಗಿದೆ. ಆದರೂ ನಾನು ನಿವೃತ್ತಳೇ. ಬಳ್ಳಾರಿಯ ಕೌಲ್ ಬಜಾರಿನ ಒಂದು ಸಣ್ಣ ಅಂಗಡಿಯಲ್ಲಿ ಹೈ-ಫೈ ಸೆಟ್ಟುಗಳನ್ನು ರಿಪೇರಿ ಮಾಡುತ್ತ, ಮನೆಮನೆಗೆ ಹೋಗಿ ಜೋಡಿಸಿ ಕೊಡುತ್ತ ಇದ್ದವಳು, ಸರ್ಕಾರಿ ತರಬೇತಿ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಕೆಲಸ ಸಿಕ್ಕಾಗ ಸೋಲ್ಡರಿಂಗ್ ಐರನ್ ಕೆಳಗಿಟ್ಟೆ. ಸರ್ಕಾರಿ ನೌಕರಿಯಲ್ಲಿದ್ದು ಹೊರಗೆ ದುಡಿಯುವ ಹಾಗಿಲ್ಲ. ಕೈ ತುರಿಸುತ್ತದೆ, ಏನು ಮಾಡುವುದು! ಅದಕ್ಕೇ ಬರೆಯಲು ಕೂತಿದ್ದೇನೆ.

ಬರೆಯಲು ಇನ್ನೊಂದು ಕಾರಣವೂ ಇದೆ. ನನ್ನ ತರಗತಿಯಲ್ಲಿ ಹೈ-ಫೈ ಹುಚ್ಚಿನವರು ನಾಲ್ಕಾರು ಮಂದಿ ಇದ್ದಾರೆ. ಪಾಠ ಮುಗಿದರೆ ಸಾಕು, ಸುತ್ತ ನಿಲ್ಲುತ್ತಾರೆ. "ಮೇಡಂ, ಪವರ್ ಕಾರ್ಡ್ ಬದ್ಲಿ ಮಾಡಿದ್ರ ಸೌಂಡ್ ಬದ್ಲಿ ಆಗತೈತೇನ್ರಿ? ಖರೇ ಹೇಳ್ರಿ."

ಹೈ-ಫೈ ಗೊತ್ತಿಲ್ಲದವರಿಗೆ ಒಂದು ಮಾತು. ಪವರ್ ಕಾರ್ಡ್ ಎಂದರೆ ಗೋಡೆಯ ಸಾಕೆಟ್ಟಿನಿಂದ ಆಂಪ್ಲಿಫೈಯರಿಗೆ ಕರೆಂಟು ಒಯ್ಯುವ ವಯರು, ಅಷ್ಟೇ. ಸೆಟ್ಟು ಕೊಂಡಾಗ ಡಬ್ಬದಲ್ಲೇ ಒಂದು ಕರಿ ವಯರು ಬಂದಿರುತ್ತದೆ. ಅದು ಸಾಲದು ಎನ್ನುವವರಿಗಾಗಿ ಬೇರೆ ಕಂಪನಿಯವರು ಹೆಬ್ಬೆರಳು ಗಾತ್ರದ, ಮೇಲೆ ಬಣ್ಣದ ದಾರ ಹೆಣೆದ, ಪಿನ್ನು ಫಳಫಳ ಹೊಳೆಯುವ ವಯರು ಮಾಡಿ ಮಾರುತ್ತಾರೆ. ನೋಡಿದರೆ ಆಸೆಯಾಗುತ್ತದೆ. ನನಗೂ ಆಗಿತ್ತು. ಅದನ್ನು ಹಾಕಿದರೆ ಹಾಡು ಚೆನ್ನಾಗಿ ಕೇಳಿಸುತ್ತದೋ ಇಲ್ಲವೋ ಎಂದು ಊರೂರಲ್ಲಿ ಜಗಳ. ಆ ಜಗಳದ ನಡುವೆ ನಿಂತು ಕೆಲಸ ಮಾಡುವುದು ಹೇಗಿತ್ತು ಎಂದು ಹೇಳುತ್ತೇನೆ.

ನಾನು ಡಿಪ್ಲೊಮಾ ಮಾಡಿದವಳು, ನಿಜ. ಆದರೆ ಅಲ್ಲಿ ಹೈ-ಫೈ ಎಂಬ ಶಬ್ದವೇ ಇರಲಿಲ್ಲ. ಸೆಟ್ಟು ಬಿಚ್ಚುವುದು, ಕಟ್ಟುವುದು ಎಲ್ಲ ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತದ್ದು. ನಮ್ಮಪ್ಪ ಜೀನ್ಸ್ ಹೊಲಿಸುವ ಯೂನಿಟ್ಟಿನಲ್ಲಿ ಇದ್ದರು. ಮನೆಯಲ್ಲಿ ಹಾಳು ಮೋಟರು, ಹಾಳು ವಯರುಗಳಿಗೆ ಬರವಿರಲಿಲ್ಲ. ಅವನ್ನೆಲ್ಲ ಸೇರಿಸಿ ಒಂದು ಆಂಪ್ಲಿಫೈಯರ್ ಮಾಡಿ, ಚೀಲದಲ್ಲಿ ಹಾಕಿಕೊಂಡು ಖಾದರ್ ಭಾಯಿಯ ಅಂಗಡಿಗೆ ಹೋದೆ. ಕೌಲ್ ಬಜಾರಿನಲ್ಲಿ ಆಟೋ ರಿಪೇರಿಯವರ ಸದ್ದಿನ ನಡುವೆ ಇದ್ದ ಅಂಗಡಿ ಅದು. ಖಾದರ್ ಭಾಯಿ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಒಂದು ಕೈಯಲ್ಲಿ ಮಿರ್ಚಿ ಬಜ್ಜಿ, ಇನ್ನೊಂದು ಕೈಯಲ್ಲಿ ನನ್ನ ಆಂಪ್ಲಿಫೈಯರ್.

"ಯಾರ್ ಮಾಡಿದ್ದು ಇದು?"

"ನಾನೇರಿ."

"ಎಲ್ಲಿ ಕಲ್ತಿ?"

"ಮೊಬೈಲ್‌ನ್ಯಾಗ್ರಿ."

"ಹ್ಞಾಂ. ಸೋಲ್ಡರಿಂಗ್ ಛಲೋ ಐತಿ. ಬುದ್ಧಿ ಇನ್ನಾ ಮೊಬೈಲ್‌ನ್ಯಾಗೇ ಐತಿ. ಮೂರನೇ ಪಿನ್ನಿಗೆ ವಯರೇ ಕೊಟ್ಟಿಲ್ಲಲ್ಲ ಬೇಟಿ! ಅರ್ಥಿಂಗ್ ಯಾರಪ್ಪ ಕೊಡ್ತಾನ?"

ಪ್ಲಗ್ಗಿನ ಮೂರನೇ ದಪ್ಪ ಪಿನ್ನು ನೆಲಕ್ಕೆ ಹೋಗುವ ದಾರಿ. ಕರೆಂಟು ದಾರಿ ತಪ್ಪಿದರೆ ಮನುಷ್ಯನ ಮೈಮೇಲೆ ಹರಿಯದೆ ಮಣ್ಣಿಗೆ ಇಳಿಯಲಿ ಎಂದು ಮಾಡಿದ್ದು. ನಾನು ಅದನ್ನು ಶೋಕಿಗೆ ಇಟ್ಟಿದ್ದೆ. ಮಾರನೆಯ ದಿನದಿಂದ ಕೆಲಸಕ್ಕೆ ಬಾ ಎಂದರು. ಬೈದ ಮೇಲೆ ಕೆಲಸ ಕೊಡುವುದು ಅವರ ಪದ್ಧತಿ ಎಂದು ಆಮೇಲೆ ಗೊತ್ತಾಯಿತು.

ಇನ್ನೊಂದು ಪದ್ಧತಿ ಇತ್ತು. "ಮನಿಗೆ ಹೋದ ಮ್ಯಾಲ ಮೊದಲ ಚಾ ಕುಡಿ. ಚಾ ಮುಗಿಯೋ ತನಕ ಸೆಟ್ ಮುಟ್ಟಬ್ಯಾಡ." ಮುದುಕರಿಗೆ ಚಹಾದ ಚಟ, ಅದಕ್ಕೇ ಹೀಗೆ ಎಂದುಕೊಂಡೆ. ನಾಲ್ಕು ಮನೆ ತಿರುಗಿದ ಮೇಲೆ ತಿಳಿಯಿತು. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಮನೆಯೇ ಮಾತಾಡಿಬಿಡುತ್ತದೆ. ಫ್ರಿಜ್ಜು ಶುರುವಾದಾಗ ಟಕ್ ಎನ್ನುತ್ತದೆ, ಪಕ್ಕದ ಮನೆಯ ಬೋರಿನ ಮೋಟರು ಹೊಡೆದುಕೊಳ್ಳುತ್ತದೆ, ಫ್ಯಾನಿನ ರೆಗ್ಯುಲೇಟರು ಕೊಯ್ಯೆನ್ನುತ್ತದೆ. ಸೆಟ್ಟಿನ ದೋಷ ಯಾವುದು, ಮನೆಯ ದೋಷ ಯಾವುದು ಎಂದು ಬೇರೆ ಮಾಡಲು ಅಷ್ಟು ಹೊತ್ತು ಬೇಕು. ಈ ಕೆಲಸಕ್ಕೆ ಬರುವವರು ಚಹಾ ಬೇಡ ಎನ್ನಬೇಡಿ.

ವಯರಿನ ಹುಚ್ಚನ್ನು ನಾನು ಮೊದಲು ಹತ್ತಿರದಿಂದ ನೋಡಿದ್ದು ಕುರುಗೋಡಿನಲ್ಲಿ. ಎರ್ರಿಸ್ವಾಮಿ ಎಂಬ ಗೊಬ್ಬರದಂಗಡಿಯವರು, ಅಂಗಡಿ ಮುಂದೆ, ಮನೆ ಹಿಂದೆ. ತೆಲುಗು ಕನ್ನಡ ಕಲಸಿ ಮಾತಾಡುವ ಮನುಷ್ಯ. ಫೋನಿನಲ್ಲೇ ಶುರು ಮಾಡಿದರು.

"ಏಮಮ್ಮಾ, ನಿನ್ನ ಆಂಪ್ಲಿಫೈಯರು ಹಾಡು ಆರಿಸಿ ಆರಿಸಿ ಹಾಡತೈತಿ. ಭಜನಿ ಹಾಕಿದ್ರ ಗಪ್‌ಚುಪ್ ಹಾಡತೈತಿ, ಡೊಳ್ಳಿನ ಹಾಡು ಹಾಕಿದ್ರ ಸತ್ತು ಬೀಳತೈತಿ. ಇದೇನು ಮಠಕ್ಕ ಹೋಗಿ ಬಂದೈತೇನು?"

ಹೋಗಿ ನೋಡಿದರೆ ಅವರ ಅಳಿಯ ವಿದೇಶದಿಂದ ಕಳಿಸಿದ ಬಂಗಾರ ಬಣ್ಣದ ಪವರ್ ಕಾರ್ಡ್. ಅದರ ಪ್ಲಗ್ಗು ನಮ್ಮ ಗೋಡೆಗೆ ಹೊಂದುವುದಿಲ್ಲ, ನಡುವೆ ಒಂದು ಸಂತೆಯ ಕನ್ವರ್ಟರ್ ಸಿಕ್ಕಿಸಿದ್ದಾರೆ. ಚಹಾ ಕುಡಿಯುತ್ತ ಡೊಳ್ಳಿನ ಹಾಡು ಹಾಕಿರಿ ಎಂದೆ. ಡೊಳ್ಳು ಬಿದ್ದ ಹಾಗೆಲ್ಲ ಗೋಡೆಯ ಸಾಕೆಟ್ಟಿನ ಹಲಗೆ ನಡುಗುತ್ತಿತ್ತು, ಆ ಭಾರದ ವಯರು ಕನ್ವರ್ಟರನ್ನು ಎಳೆದು ಎಳೆದು ಕೆಳಗಿಳಿಸುತ್ತಿತ್ತು. ಇನ್ನೊಂದು ಪೆಟ್ಟು, ಸೆಟ್ಟು ಬಂದ್. ಕನ್ವರ್ಟರನ್ನು ಒತ್ತಿ ಹಿಡಿದೆ, ಹಾಡು ಮತ್ತೆ ಬಂತು.

"ಅಂದ್ರ ವಯರು ಕೆಟ್ಟಿಲ್ಲೇನು?"

"ಇಲ್ಲರಿ ಅಣ್ಣಾ. ವಯರು ಗಟ್ಟಿ ಐತಿ, ಗ್ವಾಡಿ ಮೆತ್ತಗೈತಿ."

ಹೊಸ ಸಾಕೆಟ್ಟು ಹಾಕಿ, ವಯರಿನ ತುದಿಗೆ ನಮ್ಮೂರಿನ ಪ್ಲಗ್ಗು ಕೂಡಿಸಿ ಬಂದೆ. ಆಮೇಲೆ ಎರ್ರಿಸ್ವಾಮಿಯವರು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದೇನು ಗೊತ್ತೇ? "ಫಾರಿನ್ ವಯರು, ಕುರುಗೋಡಿನ ಹವಾಕ್ಕ ಹೊಂದಾಕ ಸ್ವಲ್ಪ ಟೈಮ್ ತಗೊಂತು." ಗಿರಾಕಿಗೆ ತನ್ನದೇ ಕಾರಣ ಇಷ್ಟವಾದರೆ ಇರಲಿ ಬಿಡಿ, ಸೆಟ್ಟು ಹಾಡಿದರೆ ಸಾಕು.

ಆಮೇಲೆ ಸಿರುಗುಪ್ಪದ ವೀರೇಶಪ್ಪ. ಅಕ್ಕಿ ಗಿರಣಿಯ ಮಾಲೀಕರು. ಮನೆಯಲ್ಲಿ ಹಾಡು ಕೇಳುವುದಕ್ಕೇ ಒಂದು ಕೋಣೆ, ಗೋಡೆಗೆ ಮೆತ್ತೆ, ಒಂದೇ ಕುರ್ಚಿ. ಬಂದವರು ನಿಂತೇ ಕೇಳಬೇಕು. ಅವರು ಬೆಂಗಳೂರಿನಿಂದ ನೀಲಿ ದಾರ ಹೆಣೆದ ಒಂದು ವಯರು ತರಿಸಿದ್ದರು. ಹೋಲಿಸಿ ನೋಡಲು ನನ್ನನ್ನು ಕರೆದರು.

"ಕಣ್ಣು ಮುಚ್ಚಿ ಕೇಳು ನಾಗವೇಣಿ. ಈಗ ಹಳೇ ವಯರು. ಹಾಡಾಕಿ ಎಲ್ಲಿ ಅದಾಳ?"

"ಹಿಂದ ಅದಾಳ್ರಿ."

"ಈಗ ನೀಲಿ. ಎಲ್ಲಿ ಅದಾಳ?"

ನಿಜವಾಗಿಯೂ ಹಾಡುವವಳು ಎದ್ದು ಎರಡು ಹೆಜ್ಜೆ ಮುಂದೆ ಬಂದಂತಿತ್ತು! ಖುಷಿಯಿಂದ ಬಸ್ಸು ಹತ್ತಿ ಬಂದು ಖಾದರ್ ಭಾಯಿಗೆ ಹೇಳಿದೆ. ಅವರು ಮಿರ್ಚಿ ಮುರಿಯುತ್ತ ಕೇಳಿದರು, "ಹಳೇ ವಯರು ಸೆಟ್ಟಿನ ಹಿಂದ ಯಾವಾಗಿಂದ ಇತ್ತು?"

"ಸೆಟ್ ತಂದಾಗಿಂದರಿ."

"ಹೊಸಾದು ಹಾಕೂಕಿಂತ ಮೊದಲ, ಆ ಹಳೇದನ್ನ ಒಮ್ಮಿ ಕಿತ್ತು, ಪಿನ್ ಒರಿಸಿ, ಅದನ್ನ ತಿರುಗಿ ಹಾಕಿ ಕೇಳಿದ್ಯಾ?"

ಕೇಳಿರಲಿಲ್ಲ. ಮತ್ತೆ ಸಿರುಗುಪ್ಪಕ್ಕೆ ಹೋದೆ. ಹಳೆಯ ವಯರಿನ ಪಿನ್ನಿನ ಮೇಲೆ ಗಿರಣಿಯ ತೌಡಿನ ಧೂಳು ಕಪ್ಪಗೆ ಕೂತಿತ್ತು. ಒರೆಸಿ ಹಾಕಿದೆ. ಹಾಡುವವಳು ಹಳೆಯ ವಯರಿನಲ್ಲೂ ಎದ್ದು ಮುಂದೆ ಬಂದಳು. ವೀರೇಶಪ್ಪನವರು "ಇರ್ಲಿ ಬಿಡು. ನೀಲಿ ಹಾಕಿದ್ರ ಇನ್ನೊಂದೀಟು ಮುಂದ ಬರ್ತಾಳ" ಎಂದು ನೀಲಿಯನ್ನೇ ಹಾಕಿಸಿದರು.

ಅಂದಿನಿಂದ ವಯರು ಹೋಲಿಸುವಾಗ ಮೊದಲು ಹಳೆಯದನ್ನೇ ಕಿತ್ತು, ಒರೆಸಿ, ತಿರುಗಿ ಹಾಕುವುದು ನನ್ನ ರೂಢಿ. ವಾಲ್ಯೂಮ್ ಮುಟ್ಟಬಾರದು. ಮತ್ತೆ, ಕೇಳುವವರಿಗೆ ಯಾವ ವಯರು ಎಂದು ಕಾಣಬಾರದು. ಸೆಟ್ಟಿನ ಹಿಂದೆ ಒಂದು ಟವಲ್ ಇಳಿಬಿಡಬೇಕು. ಇಷ್ಟು ಕಲಿತ ಮೇಲೆ ಇನ್ನು ನನಗೆ ಯಾರೂ ಮೋಸ ಮಾಡಲಾರರು ಎಂದುಕೊಂಡೆ. ಆಗ ಬಂದದ್ದು ಶ್ರೀನಿವಾಸಾಚಾರ್ಯರ ಮನೆಯ ಕೆಲಸ.

ಆಚಾರ್ಯರು ಹೈಸ್ಕೂಲು ಮಾಸ್ತರಿಕೆ ಮಾಡಿ ನಿವೃತ್ತರಾದವರು. ವೀರೇಶಪ್ಪ ಅವರ ಶಿಷ್ಯ, ಇಷ್ಟು ದೊಡ್ಡವರಾದರೂ ಅವರ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಗಾಂಧಿನಗರದ ಮನೆಯಲ್ಲಿ ಆಚಾರ್ಯರು ಮತ್ತು ಅವರ ಹೆಂಡತಿ ಇಂದಿರಮ್ಮ. ಸಂಜೆ ಓಣಿಯ ಮಕ್ಕಳಿಗೆ ದೇವರನಾಮದ ಪಾಠ. ಆಚಾರ್ಯರ ಬಳಿ ಹಳೆಯ ರೆಕಾರ್ಡ್ ಪ್ಲೇಯರು, ಒಂದು ಆಂಪ್ಲಿಫೈಯರು, ಎತ್ತರದ ಎರಡು ಸ್ಪೀಕರು. ನಾನು ಹೋದಾಗ ಬಿಸಿಲು ರಣರಣ. ಚಹಾ ಬದಲು ಪಾನಕ ಬಂತು.

"ರೆಕಾರ್ಡ್ ಹಾಕಿದ್ರ ಕೆಳಗ ಒಂದು ಗುಂಯ್ ಅಂತ ಕೇಳಸ್ತದಮ್ಮ" ಎಂದರು ಆಚಾರ್ಯರು. "ತಂಬೂರಿ ಶ್ರುತಿ ಒಂದ ಕಡೆ, ಈ ಗುಂಯ್ ಒಂದ ಕಡೆ. ನಡುವ ಹಾಡೋರು ಸಿಕ್ಕೊಂಡಾರ."

ನಾನು ಅವರ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿದೆ. ನನಗೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಸ್ಪೀಕರಿನ ಬಟ್ಟೆಗೆ ಕಿವಿ ಹಚ್ಚಿದರೆ ಸಣ್ಣಗೆ ಒಂದು ಗುಂಯ್ ಇತ್ತು. ಆದರೆ ಅಷ್ಟು ಎಲ್ಲ ಸೆಟ್ಟಿನಲ್ಲೂ ಇರುತ್ತದೆ. ಹಾಗೆಂದು ಹೇಳಿದೆ.

ಆಚಾರ್ಯರ ಮುಖ ಸಣ್ಣದಾಯಿತು. "ನಿನಗೂ ಇಲ್ಲಿ ಕೂತ್ರ ಕೇಳಸ್ಲಿಲ್ಲ. ಇಕಿಗೂ ಕೇಳಸೂದಿಲ್ಲ, ಮಕ್ಕಳಿಗೂ ಕೇಳಸೂದಿಲ್ಲ. ಕಿವಿ ಡಾಕ್ಟರು ವಯಸ್ಸಿನ ಪರಿಣಾಮ ಅಂದಾರ. ಹಂಗಾದ್ರ ಈ ಗುಂಯ್ ಸೆಟ್ಟಿನಾಗ ಅದನೋ, ನನ್ನ ಕಿವಿಯಾಗ ಅದನೋ?"

"ಸೆಟ್ಟಿನಾಗೇ ಇರಬೇಕ್ರಿ ಸರ್" ಎಂದೆ, ಧೈರ್ಯವಿಲ್ಲದೆ.

"ಬೇಕು ಅನ್ನೋದಲ್ಲಮ್ಮ. ಕಿವಿಯಾಗ ಇದ್ರ ನಾ ಪಾಠ ನಿಲ್ಲಸ್ತೀನಿ. ಮಕ್ಕಳ ಕಿವಿ ಹಸೀ ಗ್ವಾಡಿ ಇದ್ದಂಗ. ನಾ ತಪ್ಪು ಶ್ರುತಿ ಒತ್ತಿದ್ರ ಅದು ಹಂಗೇ ಒಣಗತದ."

ಒಳಗಿನಿಂದ ಇಂದಿರಮ್ಮ ಬಾಗಿಲಿಗೆ ಬಂದು ನನ್ನ ಮುಖ ನೋಡಿದರು. ಆ ನೋಟ ಮರೆಯಲಾರೆ. ಪಾಠ ನಿಂತರೆ ಈ ಮನುಷ್ಯ ಸಂಜೆ ಏನು ಮಾಡಬೇಕು ಎಂದು ಅದು ಕೇಳುತ್ತಿತ್ತು.

ಸುದ್ದಿ ತಿಳಿದ ವೀರೇಶಪ್ಪ ಭಾನುವಾರ ಸಿರುಗುಪ್ಪದಿಂದ ನೀಲಿ ವಯರನ್ನು ಟವಲಿನಲ್ಲಿ ಸುತ್ತಿ, ದೇವರಿಗೆ ಹಣ್ಣುಕಾಯಿ ತಂದಂತೆ ತಂದರು. ಆ ದಿನ ಯಾರೂ ಏನೂ ಮುಚ್ಚಲಿಲ್ಲ. ಗುರುಗಳ ಮನೆಯಲ್ಲಿ ಪರೀಕ್ಷೆ ಮಾಡುವುದು ಸರಿಯಲ್ಲ ಎಂದು ವೀರೇಶಪ್ಪ ನನ್ನನ್ನು ತಡೆದರು. ಕರಿ ವಯರಿನಲ್ಲಿ ರೆಕಾರ್ಡು ಹಾಕಿದೆವು, ಆಚಾರ್ಯರು "ಅದ, ಅದ" ಎಂದರು. ಇಂದಿರಮ್ಮ ಪಾನಕ ಕೊಟ್ಟರು. ಕುಡಿದು, ನೀಲಿ ವಯರು ಹಾಕಿ, ಮತ್ತದೇ ರೆಕಾರ್ಡು. ಅರ್ಧಕ್ಕೆ ಬರುವಷ್ಟರಲ್ಲಿ ಆಚಾರ್ಯರು ಕುರ್ಚಿಯಿಂದ ಎದ್ದೇಬಿಟ್ಟರು. "ಹೋತು! ಹೋತಮ್ಮ!"

ವೀರೇಶಪ್ಪನವರ ಎದೆ ಗಿರಣಿಯ ಚೀಲದಂತೆ ಉಬ್ಬಿತು. ವಯರನ್ನು ಅಲ್ಲೇ ಬಿಟ್ಟು ಹೋದರು.

ಎರಡು ದಿನಕ್ಕೆ ಆಚಾರ್ಯರ ಫೋನು. ನೀಲಿ ವಯರು ಹಾಗೇ ಇದೆ, ಗುಂಯ್ ತಿರುಗಿ ಬಂದಿದೆ. "ವಯರು ಇನ್ನಾ ಪಳಗಿಲ್ಲರಿ ಸರ್" ಎಂದರಂತೆ ವೀರೇಶಪ್ಪ. ಖಾದರ್ ಭಾಯಿ ಮಾತ್ರ, "ಟವಲ್ ಹಾಕಿ ನೋಡು" ಎಂದರು.

ಮುಂದಿನ ಭಾನುವಾರ ಟವಲ್ ಇಳಿಬಿಟ್ಟೆ. ಆಚಾರ್ಯರೇ ಒತ್ತಾಯ ಮಾಡಿದರು, "ಪರೀಕ್ಷಾ ಅಂದ್ರ ಪರೀಕ್ಷಾ. ನಾ ಎಷ್ಟು ಮಂದಿಗೆ ಮಾಡಿಲ್ಲ?" ಪಿನ್ನುಗಳನ್ನೆಲ್ಲ ಒರೆಸಿದೆ. ಮೊದಲು ಕರಿ ಹಾಕಿದೆ. "ಅದ." ನೀಲಿ ಹಾಕಿದೆ. "ಅದ." ವೀರೇಶಪ್ಪ ನಡುವೆ ಕೆಮ್ಮಿದರು. ಇಂದಿರಮ್ಮ ಬಂದು ಪಾನಕ ಕೊಟ್ಟು ಹೋದರು. ಟವಲಿನ ಹಿಂದೆ ಮತ್ತೆ ಕರಿಯನ್ನು ಹಾಕಿ ಕೂತೆ. ಸ್ವಲ್ಪ ಹೊತ್ತಾಯಿತು. ಆಚಾರ್ಯರು ಬೆರಳೆತ್ತಿದರು. "ಹೋತು. ಇದೇ ನೀಲಿ."

ಟವಲ್ ಸರಿಸಲೇಬೇಕಾಯಿತು. ಡಬ್ಬದ ಕರಿ ವಯರು ಎಲ್ಲರಿಗೂ ಕಾಣುವ ಹಾಗೆ ನೇತಾಡುತ್ತಿತ್ತು.

ಆಚಾರ್ಯರು ರೆಕಾರ್ಡನ್ನು ತಾವೇ ಎತ್ತಿ, ಕವರಿನಲ್ಲಿ ಹಾಕಿ, ಅದರ ಜಾಗದಲ್ಲಿ ಇಟ್ಟರು. "ಇಂದಿರಾ, ಮಕ್ಕಳ ಮನಿಯವರಿಗೆ ಹೇಳು. ಮುಂದಿನ ತಿಂಗಳಿಂದ ಪಾಠ ಇಲ್ಲ."

"ಸರ್, ಒಂದ ವಯರಿಗೆ..." ಎಂದರು ವೀರೇಶಪ್ಪ.

"ವಯರಿನ ಮಾತಲ್ಲೋ ವೀರೇಶಾ. ಇಲ್ಲದ್ದು ಇದ್ದಂಗ, ಇದ್ದದ್ದು ಹೋದಂಗ ನನಗ ಕೇಳಸ್ಲಿಕ್ಕೆ ಹತ್ತದ."

ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತೆ. ಖಾದರ್ ಭಾಯಿ ಮಂಡಕ್ಕಿ ವಗ್ಗಾಣಿಯ ಪೊಟ್ಟಣ ನನ್ನ ಕಡೆ ಸರಿಸಿದರು. ನಾನು ಮುಟ್ಟಲಿಲ್ಲ. ನಡೆದದ್ದೆಲ್ಲ ಹೇಳಿದೆ.

"ಅವರು ಹೋತು ಅಂದಾಗ ನೀ ಸ್ಪೀಕರಿಗೆ ಕಿವಿ ಹಚ್ಚಿದ್ಯಾ?"

"ಇಲ್ಲರಿ. ಟವಲ್ ಹಿಂದ ಇದ್ದೆ."

"ಮತ್ತ ಇಲ್ಲದ್ದು ಕೇಳಿದ್ರು ಅಂತ ಹೆಂಗ ಒಪ್ಗೊಂಡಿ? ಕಿವಿ ಹೋತು ಅಂದ್ರ ಏನೋ ಹೋಗೇತಿ ಬೇಟಿ. ಕಿವಿ ಸುಳ್ಳು ಹೇಳಂಗಿಲ್ಲ, ಕಾರಣ ಹೇಳೋದು ಬಾಯಿ, ಅದು ತಪ್ಪತೈತಿ. ಆ ಮನ್ಯಾಗ ಬದ್ಲಿ ಆಗೋದು ವಯರು ಒಂದ ಏನು? ತಿರುಗಿ ಹೋಗು. ಈ ಸಲ ವಯರು ಮುಟ್ಟಬ್ಯಾಡ."

ಆಗ ಪೊಟ್ಟಣಕ್ಕೆ ಕೈ ಹಾಕಿದೆ.

ಮಾರನೆಯ ಬೆಳಿಗ್ಗೆ ಹೋದೆ. ಆಚಾರ್ಯರು ಒಲ್ಲದ ಮನಸ್ಸಿನಿಂದ ಕುರ್ಚಿಯಲ್ಲಿ ಕೂತರು. ಕರಿ ವಯರು ಹೇಗಿತ್ತೋ ಹಾಗೇ ಇತ್ತು. ರೆಕಾರ್ಡೂ ಬೇಡ, ಸೆಟ್ಟು ಮಾತ್ರ ಆನ್ ಇರಲಿ ಎಂದೆ. ನಾನು ನೆಲದ ಮೇಲೆ ಕೂತು ಸ್ಪೀಕರಿನ ಬಟ್ಟೆಗೆ ಕಿವಿ ಹಚ್ಚಿದೆ. "ಸರ್, ಗುಂಯ್ ಹೋದ್ರ ಬೆರಳೆತ್ರಿ."

"ನನಗ ಸಮಾಧಾನ ಮಾಡ್ಲಿಕ್ಕೆ ಬಂದೀ ಏನು?"

"ಇಲ್ಲರಿ. ನನಗೇ ಸಮಾಧಾನ ಇಲ್ಲ."

ಬಹಳ ಹೊತ್ತು ಏನೂ ಆಗಲಿಲ್ಲ. ನನ್ನ ಕಿವಿಯಲ್ಲಿ ಗುಂಯ್ ನಡೆದೇ ಇತ್ತು. ಕಾಲು ಜೋಮು ಹಿಡಿಯಿತು. ಪಾನಕದ ಲೋಟ ಖಾಲಿಯಾಯಿತು. ಇಂದಿರಮ್ಮ ಲೋಟ ಒಯ್ದು ಹಿತ್ತಲಿಗೆ ಹೋದರು, ಕೊಡಪಾನ ಕಲ್ಲಿಗೆ ತಗಲಿದ ಸದ್ದು ಬಂತು. ಅದಾದ ಸ್ವಲ್ಪ ಹೊತ್ತಿಗೆ, ಯಾರೋ ದೀಪದ ಕುಡಿ ಇಳಿಸಿದ ಹಾಗೆ, ನನ್ನ ಕಿವಿಯಲ್ಲಿದ್ದ ಗುಂಯ್ ಸಣ್ಣಗಾಗುತ್ತ ಬಂತು. ತಲೆಯೆತ್ತಿ ನೋಡಿದರೆ ಆಚಾರ್ಯರ ಬೆರಳು ಮೇಲಿತ್ತು.

"ಹೋತು" ಎಂದರು ಅವರು.

"ಹೋತ್ರಿ!" ಎಂದು ಕೂಗಿ ಬರಿಗಾಲಲ್ಲಿ ಹಿತ್ತಲಿಗೆ ಓಡಿದೆ.

ಅದು ವೈಶಾಖ ಮಾಸ. ವೈಷ್ಣವರ ಮನೆಗಳಲ್ಲಿ ಆ ತಿಂಗಳು ತುಳಸಿಗೆ ತಂಪು ಮಾಡುತ್ತಾರೆ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಧಾರಾಪಾತ್ರೆಯನ್ನು ಗಿಡದ ಮೇಲೆ ಕಟ್ಟಿರುತ್ತಾರೆ, ಹನಿಹನಿಯಾಗಿ ನೀರು ಬೀಳುತ್ತಿರುತ್ತದೆ. ಇಂದಿರಮ್ಮ ಆಗತಾನೆ ಅದನ್ನು ತುಂಬಿಸಿ, ಕೊಡದಲ್ಲಿ ಮಿಕ್ಕ ನೀರನ್ನೆಲ್ಲ ಬುಡಕ್ಕೆ ಸುರಿದು, ಕಟ್ಟೆ ತೊಳೆದಿದ್ದರು. ಕಟ್ಟೆಯ ತೂತಿನಿಂದ ನೀರು ಹೊರಗೆ ಹರಿದು, ಪಕ್ಕದಲ್ಲಿದ್ದ ಸಿಮೆಂಟಿನ ಮುಚ್ಚಳದ ಸಂದಿಯಲ್ಲಿ ಗುಳುಗುಳು ಎಂದು ಇಳಿಯುತ್ತಿತ್ತು. ಆ ಮುಚ್ಚಳದ ಕೆಳಗೆ ಏನಿದೆ ಎಂದು ನನಗೆ ನೋಡದೆಯೇ ಗೊತ್ತಾಯಿತು. ಮನೆಯ ಅರ್ಥಿಂಗ್ ಗುಂಡಿ. ಮೂರನೇ ಪಿನ್ನಿನ ವಯರು ಕೊನೆಗೆ ಬಂದು ಸೇರುವುದು ಅಲ್ಲಿಗೇ. ಇದ್ದಿಲು ಉಪ್ಪು ತುಂಬಿದ ಗುಂಡಿ ಹಸಿಯಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಬಳ್ಳಾರಿಯ ಬಿಸಿಲಿಗೆ ಅದು ಒಣಗಿ ಹಂಚಾಗಿತ್ತು. ನೀರು ಇಳಿದರೆ ಗುಂಯ್ ಹೋಗುತ್ತದೆ, ಒಣಗಿದರೆ ಬರುತ್ತದೆ.

ಇಂದಿರಮ್ಮ ಗಾಬರಿಯಾಗಿ ನಿಂತಿದ್ದರು. "ಏನ್ ತಪ್ಪಾತಮ್ಮ?"

"ಏನೂ ತಪ್ಪಿಲ್ಲರಿ ಅಮ್ಮಾ. ಭಾನುವಾರ ನಾವು ಬಂದಾಗ ಇದನ್ನ ಯಾವಾಗ ತುಂಬಿಸಿದ್ರಿ?"

"ಎರಡೂ ಸಲ ನಿಮಗ ಪಾನಕ ಕೊಟ್ಟು ಬಂದು ತುಂಬಿಸಿದೆ. ಮಂದಿ ಕೂತಾಗ ಮೊದಲ ಅವರಿಗೆ ಕೊಟ್ಟು, ಆಮ್ಯಾಲ ಗಿಡಕ್ಕ."

ಪಾನಕ ಮುಗಿಸಿದ ಮೇಲೆ ಸೆಟ್ಟಿಗೆ ಯಾವ ವಯರು ಇತ್ತೋ ಅದು ಗೆದ್ದಿತ್ತು. ಮೊದಲ ವಾರ ನೀಲಿ, ಎರಡನೇ ವಾರ ಕರಿ.

ಆಚಾರ್ಯರಿಗೆ ಹೇಳಿದರೆ ತಟ್ಟನೆ ಒಪ್ಪಲಿಲ್ಲ. ಮಾಸ್ತರು ಅಲ್ಲವೇ! "ಕೊಡಪಾನದ ಸದ್ದು ನನಗೂ ಕೇಳಸ್ತು. ಸದ್ದು ಕೇಳಿ ಮನಸ್ಸು ಆಟ ಆಡಿದ್ರ?"

ಗುಂಡಿ ಒಣಗಲು ಬಿಟ್ಟು ಮತ್ತೊಂದು ದಿನ ಹೋದೆ. ಈ ಸಲ ಇಂದಿರಮ್ಮನೂ ನನ್ನ ಪಕ್ಷ. ಅವರು ಖಾಲಿ ಕೊಡಪಾನವನ್ನು ಕಲ್ಲಿಗೆ ಢಣ ಢಣ ಬಡಿದರು. ಆಚಾರ್ಯರು ಕೂತೇ ಇದ್ದರು. "ಅದ. ಇನ್ನೂ ಅದ." ಮತ್ತೆ ಬಡಿದರು. "ಅದ ಅಂದೆನಲ್ಲ!" ಆಮೇಲೆ ಇಂದಿರಮ್ಮ ಸೆರಗು ಸಿಕ್ಕಿಸಿಕೊಂಡು, ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ, ತಂಬಿಗೆಯಿಂದ ಸದ್ದಿಲ್ಲದೆ ಮುಚ್ಚಳದ ಸಂದಿಗೆ ನೀರು ಬಿಟ್ಟರು. ಒಳಗಿನಿಂದ ಕೂಗು ಬಂತು. "ಹೋತು!"

ಇಂದಿರಮ್ಮ ತಂಬಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದರು. "ನೋಡಮ್ಮ ಇವರ ಕಿವಿ! ಲಗ್ನ ಆದಾಗಿಂದ ಅಡಿಗಿಮನಿಯಿಂದ ನಾ ಕರದ್ರ ಒಮ್ಮಿನೂ ಕೇಳಸಿಲ್ಲ. ನೆಲದಾಗಿನ ಗುಂಯ್ ಕೇಳಸ್ತದ!"

ಆಚಾರ್ಯರು ಮೊದಲ ಸಲ ನಕ್ಕದ್ದು ಆ ದಿನ. ಆದರೆ ಪಾಠದ ಮಾತು ಎತ್ತಲಿಲ್ಲ. ಗುಂಯ್ ಇದ್ದಾಗ ಇದೆ ಎನ್ನುವುದು ಗೊತ್ತಾಯಿತು, ಗುಂಡಿ ಸರಿಮಾಡಿ ಅದು ಕಾಯಂ ಹೋದ ಮೇಲೂ ತಮಗೆ ಆಗಾಗ ಕೇಳಿಸಿದರೆ ಎಂಬ ಭಯ ಅವರಿಗೆ ಉಳಿದಿತ್ತು.

ಗುಂಡಿ ಮಾಡಲು ಖಾದರ್ ಭಾಯಿ ತಾವೇ ಬಂದರು. ಅವರು ಅಂಗಡಿ ಬಿಟ್ಟು ಮನೆ ಕೆಲಸಕ್ಕೆ ಬರುವುದು ಅಪರೂಪ. ಇಂದಿರಮ್ಮನಿಗೆ ಒಂದೇ ಚಿಂತೆ.

"ಉಪ್ಪಿನ ನೀರು ತುಳಸಿ ಬೇರಿಗೆ ಹತ್ತಬಾರದು ನೋಡಪಾ."

"ಹತ್ತಂಗಿಲ್ಲಮ್ಮ. ಗುಂಡೀನ ಆ ಮೂಲಿಗೆ ಒಯ್ತೀನಿ. ತುಳಸಿ ನಿಮ್ದು, ಉಪ್ಪು ನಮ್ದು."

ಕಾಂಪೌಂಡಿನ ಮೂಲೆಯಲ್ಲಿ ಹೊಸ ಗುಂಡಿ ತೋಡಿಸಿ, ಪೈಪು ಇಳಿಸಿ, ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿ, ಮೇಲಿನಿಂದ ನೀರು ಹಾಕಲು ಒಂದು ಫನೆಲ್ ಕೂಡಿಸಿದರು. ಬಟ್ಟೆ ಒಗೆದ ನೀರು ಅದರ ಕಡೆಗೇ ಹರಿಯುವಂತೆ ಸಣ್ಣ ಕಾಲುವೆ ತೆಗೆದರು. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ: ಗಿರಾಕಿ ಎಷ್ಟೇ ಚಂದದ ವಯರು ತೋರಿಸಲಿ, ನೀವು ಮೊದಲು ಹಿತ್ತಲು ತೋರಿಸಿ ಎನ್ನಿ.

ಮುಂದಿನ ಭಾನುವಾರ ವೀರೇಶಪ್ಪ ಮತ್ತೆ ಬಂದರು. ಕತೆಯೆಲ್ಲ ಕೇಳಿದ್ದರು. ಆದರೂ ಆಸೆ ಬಿಟ್ಟಿರಲಿಲ್ಲ. "ಈಗ ಅರ್ಥಿಂಗ್ ಸರಿ ಆತಲ್ಲ. ಈಗಲೇ ಖರೇ ಪರೀಕ್ಷಾ. ಒಳ್ಳೆ ಹೊಲದಾಗ ಒಳ್ಳೆ ಬೀಜ ಹಾಕಿದಂಗ." ಅವರು ಹೇಳುವುದೂ ನ್ಯಾಯವೇ ಎಂದು ನಾನೂ ಟವಲ್ ಇಳಿಬಿಟ್ಟೆ. ವೀರೇಶಪ್ಪ ನನ್ನ ಪಕ್ಕವೇ ಬಂದು ನಿಂತರು, ಯಾವ ವಯರು ಯಾವಾಗ ಎಂದು ಕಣ್ಣಾರೆ ನೋಡಲು. ಸಂಜೆ ಹತ್ತಿರವಾಗಿತ್ತು. ಮುಂದಿನ ತಿಂಗಳಿಂದ ಪಾಠ ಇಲ್ಲ ಎಂದು ಇನ್ನೂ ಯಾರೂ ಹೇಳಿರಲಿಲ್ಲ, ಮಕ್ಕಳು ಎಂದಿನಂತೆ ಬಂದು ಜಗುಲಿಯಲ್ಲಿ ಗಲಾಟೆ ಮಾಡುತ್ತಿದ್ದರು. ಇಂದಿರಮ್ಮ ಅವರನ್ನು ಗದರಿ ಸುಮ್ಮನೆ ಕೂಡಿಸಿದರು.

ಕರಿ ಹಾಕಿದೆ. ಆಚಾರ್ಯರು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು.

"ಇಲ್ಲ" ಎಂದರು. "ಗುಂಯ್ ಇಲ್ಲ. ತಂಬೂರಿ ಒಂದೇ ಅದ."

ನೀಲಿ ಹಾಕಿದೆ. ಈಗ ನೀಲಿ ಎಂದು ವೀರೇಶಪ್ಪನವರ ಮುಖವೇ ಸಾರಿ ಹೇಳುತ್ತಿತ್ತು. ಪುಣ್ಯಕ್ಕೆ ಆಚಾರ್ಯರ ಕಣ್ಣು ಮುಚ್ಚಿತ್ತು.

"ಇದೂ ಅದೇ" ಎಂದರು ಆಚಾರ್ಯರು.

ಕರಿ. "ಇದೂ ಅದೇ." ಮತ್ತೆ ಕರಿ, ಬದಲಾಯಿಸಿದಂತೆ ನಟಿಸಿದೆ. "ಅದೇ." ನೀಲಿ. "ಅದೇ ಅಮ್ಮ."

ವೀರೇಶಪ್ಪನವರಿಗೆ ತಡೆಯಲಾಗಲಿಲ್ಲ. "ಸರ್, ಸ್ವಲ್ಪ ಲಕ್ಷ್ಯಗೊಟ್ಟು ಕೇಳ್ರಿ. ಹಾಡೋರು ಒಂದ ಹೆಜ್ಜಿ ಮುಂದ ಬಂದಂಗ ಆಗ್ಲಿಲ್ಲೇನ್ರಿ?"

ಆಚಾರ್ಯರು ಕಣ್ಣು ತೆರೆದರು. ಮುಖದಲ್ಲಿ ಏನೋ ಬಿಡಿಸಿಕೊಂಡಂತಹ ಹಗುರ ಇತ್ತು.

"ಇಲ್ಲದ್ದನ್ನ ಕೇಳಲಿಕ್ಕೆ ನನ್ನ ಕಿವಿ ಇನ್ನೂ ಅಷ್ಟು ಮುದುಕ ಆಗಿಲ್ಲೋ ವೀರೇಶಾ."

ಎದ್ದು ಸೆಟ್ಟು ಬಂದ್ ಮಾಡಿದರು. ಮೂಲೆಯಲ್ಲಿದ್ದ ತಂಬೂರಿಯನ್ನು ತಂದು ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಕಡೆ ತಿರುಗಿ, "ಇಂದಿರಾ, ಹುಡುಗರನ್ನ ಒಳಗ ಕಳಸು" ಎಂದರು. ಇಂದಿರಮ್ಮ ಕಳಿಸುವ ಮೊದಲೇ ಮಕ್ಕಳು ನುಗ್ಗಿದ್ದವು. ವೀರೇಶಪ್ಪ ನೀಲಿ ವಯರನ್ನು ಸುತ್ತಿ ಚೀಲಕ್ಕೆ ಹಾಕಿ, ಹೋಗುವುದೋ ಬಿಡುವುದೋ ಎಂದು ನಿಂತಿದ್ದರು.

"ಕೂಡೋ. ಎಲ್ಲಿ ಓಡ್ತಿ? ನೀನೂ ಸಾ ಹಿಡಿ."

ಅಷ್ಟು ದೊಡ್ಡ ಗಿರಣಿಯ ಮಾಲೀಕರು ಮಕ್ಕಳ ಸಾಲಿನ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತು, ಗಂಟಲು ಸರಿ ಮಾಡಿಕೊಂಡು, ಸಾ ಹಿಡಿದರು. ಆಚಾರ್ಯರು ತಲೆ ಓರೆ ಮಾಡಿ ಕೇಳಿದರು.

"ಶ್ರುತಿ ಇಳಿದದ" ಎಂದರು. "ಮ್ಯಾಲೆತ್ತು."